ಅಡಿಕೆ ಮರದ ಜೀವಕೋಶ: ಕೋಶದ್ರವ್ಯವೂ ಹಳದಿ ಎಲೆ ರೋಗವೂ

ಕೊಪ್ಪ ತಾಲ್ಲೂಕಿನ ನಾರ್ವೆ ಸುತ್ತಿನ ಊರುಗಳಿರಲಿ, ಶೃಂಗೇರಿ, ನರಸಿಂಹರಾಜಪುರ ಕಡೆಯ ಕಣಿವೆ ತೋಟಗಳಿರಲಿ, ಅಡಿಕೆ ಬೆಳೆಗಾರರು ಸೇರಿದಲ್ಲೆಲ್ಲ ಕೇಳಿಬರುವ ಪ್ರಶ್ನೆಯೊಂದಿದೆ. "ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಹೊಡೆದರೆ ಕೊನೆ ಉಳಿಯುತ್ತದೆ. ಹಳದಿ ಎಲೆ ರೋಗಕ್ಕೆ ಏನು ಹೊಡೆದರೂ ಮರ ಏಕೆ ಉಳಿಯುವುದಿಲ್ಲ?" ಎಂಬುದೇ ಆ ಪ್ರಶ್ನೆ. ಇದಕ್ಕೆ "ಇನ್ನೂ ಔಷಧಿ ಕಂಡುಹಿಡಿದಿಲ್ಲ" ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಅರ್ಧ ಉತ್ತರ. ಕೊಳೆರೋಗದ ಶಿಲೀಂಧ್ರ ಕಾಯಿಯ ಹೊರಮೈ ಮೇಲೆ ಬಂದು ಇಳಿಯುತ್ತದೆ. ಹಳದಿ ಎಲೆ ರೋಗದ ಜೀವಿಯಾದರೋ ಮರದ ಜೀವಕೋಶದ ಒಳಗೆ, ಕೋಶದ್ರವ್ಯದಲ್ಲಿಯೇ ವಾಸಮಾಡುತ್ತದೆ. ಎರಡು ರೋಗಗಳ ನಡುವಿನ ವ್ಯತ್ಯಾಸವೆಲ್ಲ ಈ ಒಂದು ಮಾತಿನಲ್ಲಿದೆ. ಇದು ಮನಸ್ಸಿಗೆ ಬರಬೇಕಾದರೆ ಕೋಶದ್ರವ್ಯವೆಂದರೇನು, ಅದು ಮಾಡುವ ಕೆಲಸವೇನು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಗೋಡೆ ಮೊದಲು ಕಂಡಿತು, ಮನೆಯವರು ಆಮೇಲೆ

ಎಲ್ಲ ಗಿಡಮರಗಳೂ ಪ್ರಾಣಿಗಳೂ ಬಲು ಸಣ್ಣ ಜೀವಕೋಶಗಳಿಂದ ಕಟ್ಟಲ್ಪಟ್ಟಿವೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಬಿರಡೆಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಜೇನುಗೂಡಿನಂತಹ ಪುಟ್ಟ ಕೋಣೆಗಳು ಕಂಡುವು. ಬಿರಡೆ ಒಣಗಿದ ತೊಗಟೆಯಾದುದರಿಂದ ಅವನು ಕಂಡದ್ದು ಬರಿಯ ಗೋಡೆಗಳನ್ನು. ಒಳಗಿದ್ದವರು ಎಂದೋ ಸತ್ತುಹೋಗಿದ್ದರು! ಗೋಡೆಯೊಳಗಿನ ಲೋಳೆಯಂತಹ ವಸ್ತುವೇ ಜೀವದ ನಿಜವಾದ ನೆಲೆ ಎಂಬುದು ಗೊತ್ತಾಗಲು ಮತ್ತೆ ಸುಮಾರು 180 ವರ್ಷ ಹಿಡಿಯಿತು. ಜರ್ಮನಿಯ ಸಸ್ಯವಿಜ್ಞಾನಿ ಹ್ಯೂಗೊ ಫಾನ್ ಮೋಲ್ 1846ರಲ್ಲಿ ಸಸ್ಯಕೋಶದೊಳಗಿನ ಈ ಲೋಳೆಯನ್ನು ಪ್ರೋಟೋಪ್ಲಾಸಂ ಎಂದು ಕರೆದನು. ಕನ್ನಡದಲ್ಲಿ ನಾವು ಇದನ್ನು ಜೀವದ್ರವ್ಯ ಎನ್ನುತ್ತೇವೆ. ಜೀವದ್ರವ್ಯದಲ್ಲಿ ಕೋಶಕೇಂದ್ರವನ್ನು ಬಿಟ್ಟು, ಪೊರೆಯೊಳಗೆ ಉಳಿದುದೆಲ್ಲ ಸೈಟೋಪ್ಲಾಸಂ, ಅಂದರೆ ಕೋಶದ್ರವ್ಯ.

ಇದನ್ನು ಕಣ್ಣಾರೆ ಕಾಣುವುದು ಕಷ್ಟವಲ್ಲ. ಹತ್ತಿರದ ಪ್ರೌಢಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಕೆರೆಯಲ್ಲಿ ಬೆಳೆಯುವ ಹೈಡ್ರಿಲ್ಲಾ ಜೊಂಡಿನ ಒಂದು ಎಳೆಯ ಎಲೆಯನ್ನು ನೀರಿನ ಹನಿಯಲ್ಲಿಟ್ಟು ನೋಡಿರಿ. ಕೆಲವು ನಿಮಿಷ ತಾಳ್ಮೆಯಿಂದ ಕಾದರೆ ಹಸಿರು ಕಣಗಳು ಕೋಶದ ಗೋಡೆಯ ಬಳಸಿ ಮೆರವಣಿಗೆಯಂತೆ ಸುತ್ತುವುದು ಕಾಣುತ್ತದೆ. ಕಣಗಳು ತಾವಾಗಿ ಈಜುತ್ತಿಲ್ಲ. ಹರಿಯುತ್ತಿರುವ ಕೋಶದ್ರವ್ಯ ಅವುಗಳನ್ನು ಹೊತ್ತೊಯ್ಯುತ್ತಿರುತ್ತದೆ. ಎಲೆ ಕಲ್ಲಿನಂತೆ ಸುಮ್ಮನೆ ಬಿದ್ದಿದೆಯೆಂದು ತಿಳಿದವರಿಗೆ ಈ ನೋಟ ಮರೆಯುವಂತಹುದಲ್ಲ.

ಅಡಿಕೆ ಸುಗ್ಗಿಯ ಅಂಗಳ

ಮಲೆನಾಡಿನ ಅಡಿಕೆ ಮನೆಯೊಂದನ್ನು ನೆನೆಸಿಕೊಳ್ಳಿ. ಸುತ್ತ ಗಟ್ಟಿಯಾದ ಪಾಗಾರವಿದೆ. ಅದು ಕೋಶಭಿತ್ತಿ. ದಣಪೆಯಲ್ಲಿ ಯಾರು ಒಳಗೆ ಬರಬೇಕು, ಯಾರು ಬರಬಾರದು ಎಂದು ನೋಡುವ ಕಾವಲಿದೆ. ಅದು ಕೋಶದ ಪೊರೆ. ಒಳಗೆ ಜಗಲಿಯ ಪೆಟ್ಟಿಗೆಯಲ್ಲಿ ಮನೆತನದ ಕಾಗದಪತ್ರ, ಲೆಕ್ಕದ ಪುಸ್ತಕಗಳಿವೆ. ಅದು ಕೋಶಕೇಂದ್ರ. ಆದರೆ ಕೆಲಸ ನಡೆಯುವುದೆಲ್ಲಿ? ಅಂಗಳದಲ್ಲಿ. ಕೊನೆ ಬಂದು ಬೀಳುವುದು, ಸುಲಿಯುವುದು, ಬೇಯಿಸುವುದು, ಹರಡುವುದು ಎಲ್ಲವೂ ಅಲ್ಲಿಯೇ. ಕೋಶದ್ರವ್ಯ ಆ ಅಂಗಳ. ಪೆಟ್ಟಿಗೆಯಲ್ಲಿರುವ ಪತ್ರದಿಂದ ಅಡಿಕೆ ಬೇಯುವುದಿಲ್ಲ. ಪತ್ರವಿಲ್ಲದೆ ಅಂಗಳವೂ ಬಹುಕಾಲ ನಡೆಯುವುದಿಲ್ಲ.

ಹೋಲಿಕೆಯನ್ನು ಬಹಳ ಎಳೆಯಬಾರದು. ಅಂಗಳ ಒಣನೆಲ, ಕೋಶದ್ರವ್ಯದಲ್ಲಿ ಬಹುಪಾಲು ನೀರು. ಆ ನೀರಿನಲ್ಲಿ ಸಕ್ಕರೆ, ಲವಣಗಳು, ಸಾವಿರಾರು ಬಗೆಯ ಸಸಾರಜನಕ ವಸ್ತುಗಳು ಕರಗಿಯೋ ತೇಲಿಯೋ ಇರುತ್ತವೆ. ಎಳೆಗಳಂತಹ ಹಂದರವೊಂದು ಒಳಗೆಲ್ಲ ಹರಡಿ ಇದಕ್ಕೆ ಆಕಾರ ಕೊಡುತ್ತದೆ. ಈ ಹಂದರದ ಎಳೆಗಳ ಮೇಲೆ ಜಾರುತ್ತ ಸಾಗುವುದರಿಂದಲೇ ಹೈಡ್ರಿಲ್ಲಾದಲ್ಲಿ ನಾವು ಕಂಡ ಹರಿವು ಉಂಟಾಗುತ್ತದೆ.

ಈ ದ್ರವ್ಯದಲ್ಲಿ ಹಲವು ಕೆಲಸಗಾರರಿದ್ದಾರೆ. ಎಲೆಯ ಕೋಶಗಳಲ್ಲಿ ಪತ್ರಹರಿತ್ತನ್ನು ಹೊತ್ತ ಹಸಿರು ಕಣಗಳು ಬಿಸಿಲನ್ನು ಹಿಡಿದು ಸಕ್ಕರೆ ಮಾಡುತ್ತವೆ. ರೈಬೋಸೋಮುಗಳೆಂಬ ಅತಿ ಸಣ್ಣ ಕಣಗಳು ಕೋಶಕೇಂದ್ರದಿಂದ ಬಂದ ಅಪ್ಪಣೆಯಂತೆ ಸಸಾರಜನಕವನ್ನು ಹೆಣೆಯುತ್ತವೆ. ನೀವು ಹಾಕಿದ ಯೂರಿಯಾದ ಸಾರಜನಕ ಕೊನೆಗೆ ಸಸಾರಜನಕವಾಗುವುದು ಈ ಮಗ್ಗಗಳಲ್ಲಿಯೇ. ಬಲಿತ ಕೋಶದ ನಡುವೆ ರಸದಾನಿ ಎಂಬ ದೊಡ್ಡ ಚೀಲವಿದ್ದು, ಅದರಲ್ಲಿ ನೀರು, ಹುಳಿ, ಒಗರು, ಬಣ್ಣ ಮುಂತಾದುವು ಶೇಖರವಾಗಿರುತ್ತವೆ. ಇನ್ನು ಮೈಟೋಕಾಂಡ್ರಿಯಾ ಎಂಬ ಕಣಗಳು. ಇವುಗಳ ವಿಷಯ ತೋಟಗಾರರಿಗೆ ಹೆಚ್ಚು ಮುಖ್ಯವಾದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ನೀರು ನಿಂತ ತೋಟದಲ್ಲಿ ಬೇರಿನ ಕೋಶಕ್ಕೆ ಆಗುವುದೇನು?

ಬೇರು ಗೊಬ್ಬರವನ್ನು ಹೀರುವುದು ಬತ್ತಿ ಎಣ್ಣೆಯನ್ನು ಹೀರಿದಂತೆ ಅಲ್ಲ. ಮಣ್ಣಿನ ನೀರಿನಲ್ಲಿ ತೀರ ತೆಳುವಾಗಿರುವ ಪೊಟ್ಯಾಷ್, ರಂಜಕಗಳನ್ನು ಪೊರೆಯ ಮೂಲಕ ಒಳಗೆಳೆದುಕೊಳ್ಳಲು ಬೇರಿನ ಕೋಶ ಶಕ್ತಿ ವೆಚ್ಚಮಾಡಬೇಕು. ಈ ಶಕ್ತಿ ಬರುವುದು ಎಲೆಯಿಂದ ಇಳಿದು ಬಂದ ಸಕ್ಕರೆಯನ್ನು ಒಡೆಯುವುದರಿಂದ. ಒಡೆಯುವ ಮೊದಲ ಹಂತ ಕೋಶದ್ರವ್ಯದ ನೀರಿನಲ್ಲಿಯೇ ನಡೆಯುತ್ತದೆ; ಅದಕ್ಕೆ ಗಾಳಿ ಬೇಡ. ಮುಂದಿನ ಹಂತಗಳು ಮೈಟೋಕಾಂಡ್ರಿಯಾದೊಳಗೆ ನಡೆಯುತ್ತವೆ. ಅವಕ್ಕೆ ಆಮ್ಲಜನಕ ಬೇಕೇ ಬೇಕು. ಗಾಳಿಯಿದ್ದಾಗ ಸಕ್ಕರೆಯ ಒಂದು ಅಣುವಿನಿಂದ ಸುಮಾರು 30 ಪಾಲು ಶಕ್ತಿ ದೊರೆತರೆ, ಗಾಳಿಯಿಲ್ಲದಾಗ ದೊರೆಯುವುದು ಬರಿಯ 2 ಪಾಲು. ಸಾಲದ್ದಕ್ಕೆ ಕೋಶದ್ರವ್ಯದಲ್ಲಿ ಮದ್ಯಸಾರ, ಹುಳಿಗಳು ಸೇರಿ ಅದನ್ನು ಕೆಡಿಸುತ್ತವೆ.

ಬಸಿಗಾಲುವೆ ಹೂಳು ತುಂಬಿದ ತೋಟದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನಡೆಯುವುದು ಇದೇ. ಮಣ್ಣಿನ ರಂಧ್ರಗಳಲ್ಲೆಲ್ಲ ನೀರು ತುಂಬಿ ಗಾಳಿ ಹೊರಟುಹೋಗುತ್ತದೆ. ಬೇರಿನ ತುದಿಗಳು ಕಪ್ಪಾಗಿ ಕೊಳೆಯುತ್ತವೆ. ಪಕ್ಕದ ಗದ್ದೆಯಲ್ಲಿ ಭತ್ತ ಅದೇ ನೀರಿನಲ್ಲಿ ನಗುತ್ತಿರುತ್ತದಲ್ಲ ಎಂದು ಕೇಳಬಹುದು. ಭತ್ತದ ಗಿಡಕ್ಕೆ ಎಲೆಯಿಂದ ಬೇರಿಗೆ ಗಾಳಿ ಇಳಿಸುವ ಟೊಳ್ಳು ಓಣಿಗಳಿವೆ. ಅಡಿಕೆಗೆ ಆ ಅನುಕೂಲ ಅಷ್ಟಿಲ್ಲ. ಆದುದರಿಂದ ನೀರು ನಿಂತ ತೋಟಕ್ಕೆ ಎಷ್ಟು ಗೊಬ್ಬರ ಸುರಿದರೂ ಅದನ್ನು ಒಳಗೆಳೆದುಕೊಳ್ಳುವ ಶಕ್ತಿ ಬೇರಿನ ಕೋಶದ್ರವ್ಯಕ್ಕೆ ಇರುವುದಿಲ್ಲ. ಇಂತಹ ಮರಗಳೂ ಹಳದಿಯಾಗುತ್ತವೆ. ಆದರೆ ಇದು ಹಳದಿ ಎಲೆ ರೋಗವಲ್ಲ. ಬಸಿಗಾಲುವೆ ಬಿಡಿಸಿದರೆ ಚೇತರಿಸಿಕೊಳ್ಳುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಗಾಬರಿಪಟ್ಟವರೂ ಇದ್ದಾರೆ, ಒಂದೇ ಎಂದು ತಿಳಿದು ನಿರ್ಲಕ್ಷ್ಯ ಮಾಡಿ ಕೆಟ್ಟವರೂ ಇದ್ದಾರೆ.

ದಣಪೆಯ ಕಾವಲು

ಕೋಶದ್ರವ್ಯವನ್ನು ಸುತ್ತಿರುವ ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಸುಲಭವಾಗಿ ಬಿಡುವುದಿಲ್ಲ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಮಾವಿನ ಮಿಡಿಯ ಭರಣಿ ಸಾಕು. ಉಪ್ಪು ಹಾಕಿದ ಮಿಡಿ ನಾಲ್ಕಾರು ದಿನಗಳಲ್ಲಿ ನೀರು ಬಿಟ್ಟು ಸುರುಟಿಕೊಳ್ಳುತ್ತದೆ. ಹೊರಗಿನ ಉಪ್ಪು ಗಟ್ಟಿಯಾಗಿರುವುದರಿಂದ ಕೋಶದೊಳಗಿನ ನೀರು ಪೊರೆ ದಾಟಿ ಹೊರಬರುತ್ತದೆ. ಕೋಶದ್ರವ್ಯ ಕುಗ್ಗಿ ಗೋಡೆಯಿಂದ ಕಳಚಿಕೊಳ್ಳುತ್ತದೆ. ಎಳೆಯ ಸಸಿಯ ಬುಡಕ್ಕೆ ಒಂದೇ ಕಡೆ ಮುಷ್ಟಿಗಟ್ಟಲೆ ರಾಸಾಯನಿಕ ಗೊಬ್ಬರ ಹಾಕಿದಾಗ ಬೇರು ಸುಡುವುದಕ್ಕೂ ಇದೇ ಕಾರಣ. ಮಿಡಿಗೆ ಬೇಕಾದದ್ದು ಸಸಿಗೆ ಬೇಡವಷ್ಟೆ.

ಈ ಕಾವಲು ಕೋಶ ಬದುಕಿರುವ ತನಕ ಮಾತ್ರ. ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಾಗಿ ಚೊಗರು ಇಳಿಯುವುದನ್ನು ನೀವೆಲ್ಲರೂ ಬಲ್ಲಿರಿ. ಒಗರು ವಸ್ತುಗಳು ಅಡಿಕೆಯ ಕೋಶಗಳ ರಸದಾನಿಯಲ್ಲಿ ಬಂಧಿಯಾಗಿರುತ್ತವೆ. ತಣ್ಣೀರಿನಲ್ಲಿ ನೆನೆಸಿದರೆ ಅವು ಅಷ್ಟಾಗಿ ಹೊರಬರುವುದಿಲ್ಲ. ಬಿಸಿ ತಗುಲಿ ಪೊರೆಗಳು ಒಡೆದೊಡನೆ ಕಾವಲು ಇಲ್ಲವಾಗಿ ಎಲ್ಲವೂ ಹೊರಕ್ಕೆ ಹರಿಯುತ್ತವೆ.

ಪೊರೆ ಬದುಕಿದೆಯೆಂದರೆ ನಾವು ಹೊಡೆಯುವ ಔಷಧಿಗೂ ಅದು ಅಡ್ಡವಾಗಿಯೇ ಇದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಎಲೆಗೆ, ಕಾಯಿಗೆ ಮೇಣದ ಹೊದಿಕೆ. ಅದರ ಒಳಗೆ ಕೋಶಭಿತ್ತಿ. ಅದರ ಒಳಗೆ ಪೊರೆ. ಮೂರನ್ನೂ ದಾಟಿದರೆ ಮಾತ್ರ ಕೋಶದ್ರವ್ಯ.

ಕೊಳೆರೋಗದಲ್ಲಿ ಬೋರ್ಡೋ ಗೆಲ್ಲುವುದು ಹೇಗೆ?

ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆ ಕೊಳೆರೋಗವನ್ನು ಕೂಲಂಕಷವಾಗಿ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪರಣೆ ನಮ್ಮ ತೋಟಗಳಲ್ಲಿ ನೆಲೆಯೂರಿದುದು ಅವರ ಪ್ರಯತ್ನದಿಂದ. ಅದಕ್ಕೆ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಕಾಪಾಡುವುದೇ ಉಪಾಯವಾಗಿತ್ತು. ಉಪಾಯ ತಪ್ಪಾಗಿರಲಿಲ್ಲ.

ಏಕೆಂದರೆ ಕೊಳೆರೋಗದ ಫೈಟಾಫ್ತೊರಾ ಹರಡುವುದು ಈಜುವ ಬೀಜಕಣಗಳಿಂದ. ಈ ಬೀಜಕಣಕ್ಕೆ ಕೋಶಭಿತ್ತಿಯೇ ಇಲ್ಲ. ಎರಡು ಬಾಲಗಳುಳ್ಳ ಬೆತ್ತಲೆ ಕೋಶದ್ರವ್ಯದ ಹನಿ ಎಂದರೂ ಸರಿ. ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿ, ನೆಲೆ ಕಂಡು, ಬಾಲ ಕಳಚಿ, ಗೋಡೆ ಕಟ್ಟಿಕೊಂಡು, ಮೊಳಕೆಯೊಡೆದು ಒಳನುಗ್ಗುತ್ತದೆ. ಇಷ್ಟಕ್ಕೆ ಕೆಲವು ಗಂಟೆಗಳು ಸಾಕು. ಕಾಯಿಯ ಮೇಲೆ ಮೊದಲೇ ಬೋರ್ಡೋ ಲೇಪವಿದ್ದರೆ ಅದರಿಂದ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವ ತಾಮ್ರ ಈ ಬೆತ್ತಲೆ ಹನಿಯೊಳಗೆ ಸೇರಿ ಅದರ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ.

ತಾಮ್ರ ಅಡಿಕೆಯ ಕೋಶದ್ರವ್ಯಕ್ಕೂ ವಿಷವೇ. ಸುಣ್ಣ ಸೇರಿಸದೆ ಬರಿಯ ಮೈಲುತುತ್ತ ಹೊಡೆದರೆ ಮರವೂ ಸುಡುತ್ತದೆ. ಸುಣ್ಣ ತಾಮ್ರವನ್ನು ಹಿಡಿದಿಟ್ಟು, ಮೇಣ ಮತ್ತು ಗೋಡೆಯ ರಕ್ಷಣೆಯಿರುವ ಮರಕ್ಕೆ ತಾಕದಷ್ಟು, ರಕ್ಷಣೆಯಿಲ್ಲದ ಬೀಜಕಣಕ್ಕೆ ತಾಕುವಷ್ಟು ಮಾತ್ರ ಬಿಡುತ್ತದೆ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿಯೂ ಕರಗಿಸಿ ಬೆರೆಸಬೇಕೆನ್ನುವುದೂ, ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ಕೆಂಪು ಹತ್ತುವುದೇ ನೋಡಬೇಕೆನ್ನುವುದೂ ಈ ಸಮತೂಕಕ್ಕಾಗಿಯೇ. ಕೆಂಪು ಹತ್ತಿದರೆ ಬಿಡಿ ತಾಮ್ರ ಉಳಿದಿದೆಯೆಂದು ಅರ್ಥ. ಇನ್ನೂ ಸುಣ್ಣದ ತಿಳಿ ಸೇರಿಸಬೇಕು. ಶಿಲೀಂಧ್ರ ಕಾಯಿಯೊಳಗೆ ಸೇರಿದ ಮೇಲೆ ಬೋರ್ಡೋ ಅದನ್ನು ಹಿಂಬಾಲಿಸಲಾರದು. ಆದುದರಿಂದಲೇ ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಗಳಿಗೆ ಇನ್ನೊಂದು ಸಲ ಸಿಂಪಡಿಸಬೇಕೆನ್ನುವುದು.

ಜರಡಿ ನಾಳವೆಂಬ ವಿಚಿತ್ರ ಕೋಶ

ಈಗ ಹಳದಿ ಎಲೆ ರೋಗಕ್ಕೆ ಬರೋಣ. ಸೋಗೆಯಲ್ಲಿ ತಯಾರಾದ ಸಕ್ಕರೆ ಬೇರಿಗೂ, ಹಿಂಗಾರಕ್ಕೂ, ಬೆಳೆಯುವ ಕಾಯಿಗೂ ಹೋಗಬೇಕಷ್ಟೆ. ಇದನ್ನು ಸಾಗಿಸುವುದು ಜರಡಿ ನಾಳಗಳೆಂಬ ಕೋಶಗಳ ಸಾಲು. ಒಂದರ ತಲೆಗೆ ಒಂದು ಕೂಡಿಕೊಂಡ ಉದ್ದ ಕೋಶಗಳು, ನಡುವಿನ ಗೋಡೆಗಳಲ್ಲಿ ಜರಡಿಯಂತೆ ತೂತುಗಳು. ಒಂದು ಕೋಶದ ಕೋಶದ್ರವ್ಯ ಈ ತೂತುಗಳ ಮೂಲಕ ಮುಂದಿನದರೊಡನೆ ನೇರವಾಗಿ ಸೇರಿಕೊಂಡಿರುತ್ತದೆ. ಅಂದರೆ ಸೋಗೆಯ ತುದಿಯಿಂದ ಬೇರಿನ ತುದಿಯ ತನಕ ಕೋಶದ್ರವ್ಯದ ಒಂದೇ ಕಾಲುವೆ.

ಹರಿವಿಗೆ ಅಡ್ಡಿಯಾಗಬಾರದೆಂದು ಬಲಿತ ಜರಡಿ ನಾಳ ತನ್ನ ಕೋಶಕೇಂದ್ರವನ್ನೂ, ರೈಬೋಸೋಮುಗಳನ್ನೂ, ರಸದಾನಿಯ ಪೊರೆಯನ್ನೂ ಕಳೆದುಕೊಳ್ಳುತ್ತದೆ. ಉಳಿಯುವುದು ಪೊರೆ ಮತ್ತು ಅಂಚಿಗೆ ಅಂಟಿದ ತೆಳುವಾದ ಕೋಶದ್ರವ್ಯ. ಪೆಟ್ಟಿಗೆಯೂ ಇಲ್ಲ, ಕಾಗದಪತ್ರವೂ ಇಲ್ಲ, ಬರಿಯ ಅಂಗಳ! ಆದರೂ ಅದು ಸಾಯುವುದಿಲ್ಲ. ಪಕ್ಕದಲ್ಲಿಯೇ ಇರುವ ಸಂಗಾತಿ ಕೋಶ ತನ್ನ ದಟ್ಟವಾದ ಕೋಶದ್ರವ್ಯದಿಂದ ಅದಕ್ಕೆ ಬೇಕಾದುದನ್ನೆಲ್ಲ ಒದಗಿಸುತ್ತಿರುತ್ತದೆ.

ಮಾವು, ಹಲಸುಗಳಂತಹ ಮರಗಳಲ್ಲಿ ತೊಗಟೆಯ ಒಳಗಿನ ಬೆಳೆಯುವ ಪದರ ವರ್ಷ ವರ್ಷವೂ ಹೊಸ ಜರಡಿ ನಾಳಗಳನ್ನು ಮಾಡಿಕೊಡುತ್ತದೆ. ಅಡಿಕೆ, ತೆಂಗು, ಬೈನೆ ಇವು ತಾಳೆಯ ಜಾತಿ. ಇವುಗಳಿಗೆ ಅಂತಹ ಪದರವಿಲ್ಲ. ಕಾಂಡದ ಯಾವುದೇ ಮಟ್ಟದಲ್ಲಿ ಆರಂಭದಲ್ಲಿ ಆದ ನಾಳಗಳೇ ಮರ ಇರುವಷ್ಟು ಕಾಲವೂ, ಹಲವು ದಶಕಗಳ ತನಕ, ಕೆಲಸ ಮಾಡಬೇಕು. ಕೋಶಕೇಂದ್ರವಿಲ್ಲದ ಕೋಶವೊಂದು ಮನುಷ್ಯನ ಆಯುಸ್ಸಿನಷ್ಟು ಬದುಕುವುದು ಸಸ್ಯಲೋಕದ ಸೋಜಿಗಗಳಲ್ಲೊಂದು. ಅಡಿಕೆಯ ದೌರ್ಬಲ್ಯವೂ ಇಲ್ಲಿಯೇ ಇದೆ. ಕೆಟ್ಟ ನಾಳಕ್ಕೆ ಬದಲಿ ನಾಳ ಹುಟ್ಟುವುದಿಲ್ಲ.

ಕೋಶದ್ರವ್ಯದೊಳಗೆ ಬಂದು ಕುಳಿತ ಅತಿಥಿ

ಅಡಿಕೆಯ ಹಳದಿ ಎಲೆ ರೋಗ 1914ರಲ್ಲಿಯೇ ಮಧ್ಯ ಕೇರಳದಲ್ಲಿ ಕಂಡುಬಂದಿತ್ತು. ಕರ್ನಾಟಕದಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳು, ದಕ್ಷಿಣ ಕನ್ನಡದ ಸುಳ್ಯದ ಕಡೆ ಮತ್ತು ಕೊಡಗಿನ ಸಂಪಾಜೆಯ ಭಾಗ ಇದರಿಂದ ತೀವ್ರವಾಗಿ ನಷ್ಟಪಟ್ಟಿವೆ. ಮಣ್ಣಿನ ದೋಷ, ಪೋಷಕಾಂಶದ ಕೊರತೆ, ಜಂತುಹುಳು, ಶಿಲೀಂಧ್ರ ಹೀಗೆ ಒಂದಾದ ಮೇಲೊಂದರಂತೆ ಹಲವು ಕಾರಣಗಳನ್ನು ಬಹುಕಾಲ ಶಂಕಿಸಲಾಯಿತು. ಯಾವುದೂ ನಿಲ್ಲಲಿಲ್ಲ.

ದಾರಿ ತೋರಿದ್ದು ಜಪಾನಿನ ಹಿಪ್ಪುನೇರಳೆ. 1967ರಲ್ಲಿ ಅಲ್ಲಿನ ವಿಜ್ಞಾನಿಗಳು ಕುಬ್ಜ ರೋಗ ಹಿಡಿದ ಹಿಪ್ಪುನೇರಳೆಯ ಜರಡಿ ನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಗೋಡೆಯಿಲ್ಲದ ಅತಿ ಸಣ್ಣ ಜೀವಿಗಳನ್ನು ಕಂಡರು. ಅದುವರೆಗೆ ಇಂತಹ ರೋಗಗಳಿಗೆ ನಂಜಾಣುವೇ ಕಾರಣವೆಂದು ನಂಬಲಾಗಿತ್ತು. ನಮ್ಮ ನಾಡಿನ ಶ್ರೀಗಂಧದ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ವರದಿಯಾಗಿ ಎಪ್ಪತ್ತು ವರ್ಷ ಒಗಟಾಗಿ ಉಳಿದಿತ್ತು. 1969ರಲ್ಲಿ ಅದರಲ್ಲಿಯೂ ಇವೇ ಕಂಡುವು. ಆಗ ಇವನ್ನು ಮೈಕೋಪ್ಲಾಸ್ಮಾದಂತಹ ಜೀವಿಗಳೆಂದು ಕರೆಯುತ್ತಿದ್ದರು. 1994ರಿಂದ ಫೈಟೋಪ್ಲಾಸ್ಮಾ ಎಂಬ ಹೆಸರು ರೂಢಿಗೆ ಬಂದಿದೆ. ಬದನೆಯ ಕಿರಿಎಲೆ ರೋಗಕ್ಕೂ, ಎಳ್ಳಿನ ಹೂ ಎಲೆಯಾಗುವ ರೋಗಕ್ಕೂ ಇದೇ ಬಳಗ ಕಾರಣ. ಅಡಿಕೆಯ ಹಳದಿ ಎಲೆ ರೋಗದ ಮರಗಳ ಜರಡಿ ನಾಳಗಳಲ್ಲಿಯೂ 1970ರ ದಶಕದಲ್ಲಿ ಇವು ಪತ್ತೆಯಾದುವು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರೌಟಿಸ್ಟಾ ಮೊಯೆಸ್ಟಾ ಎಂಬ ಜಿಗಿಹುಳು ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆಂದು ತೋರಿಸಿಕೊಟ್ಟರು.

ಫೈಟೋಪ್ಲಾಸ್ಮಾ ಎಂದರೆ ತೆಳುವಾದ ಪೊರೆ ಸುತ್ತಿದ ಒಂದಿಷ್ಟು ಕೋಶದ್ರವ್ಯ, ಅದರಲ್ಲಿ ತನ್ನವೇ ಆದ ರೈಬೋಸೋಮುಗಳು ಮತ್ತು ಒಂದು ಸಣ್ಣ ವಂಶತಂತು, ಮುಗಿಯಿತು. ಗಾತ್ರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಬೇಕಾದ ಆಹಾರವಸ್ತುಗಳಲ್ಲಿ ಬಹಳಷ್ಟನ್ನು ತಾನೇ ಮಾಡಿಕೊಳ್ಳಲಾರದು. ಆದುದರಿಂದ ಸಿದ್ಧ ಅಡಿಗೆ ದೊರೆಯುವ ಕಡೆ, ಅಂದರೆ ಸಕ್ಕರೆ ಹರಿಯುವ ಜರಡಿ ನಾಳದ ಕೋಶದ್ರವ್ಯದಲ್ಲಿ, ಬಿಡಾರ ಹೂಡುತ್ತದೆ. ಜಿಗಿಹುಳು ರಸ ಹೀರಲು ಸೂಜಿಯಂತಹ ಬಾಯಿಯನ್ನು ನೇರವಾಗಿ ಈ ನಾಳಕ್ಕೇ ಇಳಿಸುತ್ತದೆ. ಮೇಣ, ಗೋಡೆ, ಪೊರೆ ಮೂರು ಕಾವಲನ್ನೂ ಒಂದೇ ಚುಚ್ಚಿನಲ್ಲಿ ದಾಟಿ ಅತಿಥಿಯನ್ನು ಒಳಗೆ ಬಿಟ್ಟು ಹೋಗುತ್ತದೆ.

ಮುಂದೆ ಆಗುವುದು ಕಾಲುವೆ ಕಟ್ಟಿದ ಕಥೆ. ನಾಳಗಳ ಹರಿವು ಕುಂಠಿತವಾದಂತೆ ಸೋಗೆಯಲ್ಲಿ ತಯಾರಾದ ಸಕ್ಕರೆ ಸೋಗೆಯಲ್ಲಿಯೇ ನಿಲ್ಲುತ್ತದೆ. ಹೊರಸುತ್ತಿನ ಸೋಗೆಗಳ ಎಲೆಗಳ ತುದಿಯಿಂದ ಹಳದಿ ಆರಂಭವಾಗಿ ಒಳಕ್ಕೆ ಇಳಿಯುತ್ತದೆ. ನಡುನರದ ಉದ್ದಕ್ಕೂ ಹಸಿರು ಪಟ್ಟಿ ಉಳಿದು, ಹಳದಿ ಹಸಿರುಗಳ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಮಳೆ ಮುಗಿದ ಅಕ್ಟೋಬರ್-ಡಿಸೆಂಬರ್ ತಿಂಗಳುಗಳಲ್ಲಿ ಇದು ಚೆನ್ನಾಗಿ ಕಣ್ಣಿಗೆ ಬೀಳುತ್ತದೆ. ಬೇರಿಗೆ ಆಹಾರ ಇಳಿಯದೆ ತುದಿಗಳು ಕಪ್ಪಾಗುತ್ತವೆ. ಕಾಯಿ ಬಲಿಯುವ ಮೊದಲೇ ಉದುರುತ್ತದೆ. ಉಳಿದ ಅಡಿಕೆಯ ಒಳತಿರುಳು ಮೆತ್ತಗಾಗಿ, ಕಪ್ಪು ಬಣ್ಣ ತಾಳಿ, ಮಾರಾಟಕ್ಕೆ ಬಾರದಂತಾಗುತ್ತದೆ. ವರ್ಷ ಕಳೆದಂತೆ ಸೋಗೆಗಳು ಗಿಡ್ಡವಾಗಿ ತಲೆ ಸಣ್ಣದಾಗುತ್ತದೆ.

ಇಲ್ಲಿ ಔಷಧಿಯ ಕಷ್ಟವನ್ನು ನೋಡಿ. ತಾಮ್ರ ಹೊರಗೇ ಉಳಿಯುತ್ತದೆ. ಒಳಹೋದರೆ ಮರವನ್ನೇ ಕೊಲ್ಲುತ್ತದೆ. 2020ರ ದಶಕದ ಆರಂಭದಿಂದ ಇದೇ ತಾಲ್ಲೂಕುಗಳನ್ನು ಕಾಡಿದ ಎಲೆಚುಕ್ಕೆ ರೋಗಕ್ಕೆ ಸಿಂಪಡಿಸುವ ಪ್ರೊಪಿಕೊನಜೋಲ್‌ನಂತಹ ಅಂತರ್ವ್ಯಾಪಿ ಔಷಧಿಗಳು ಎಲೆಯೊಳಗೆ ಸೇರುತ್ತವೆ ನಿಜ. ಆದರೆ ಅವು ಶಿಲೀಂಧ್ರದ ಪೊರೆಗೆ ಬೇಕಾದ ಒಂದು ಕೊಬ್ಬಿನ ವಸ್ತುವಿನ ತಯಾರಿಕೆಯನ್ನು ತಡೆಯುವಂತಹವು. ಫೈಟೋಪ್ಲಾಸ್ಮಾ ಶಿಲೀಂಧ್ರವಲ್ಲ, ಆ ಪೆಟ್ಟು ಅದಕ್ಕೆ ತಾಗುವುದಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆಗೆ ಹೊಡೆಯುವ ಮದ್ದು. ಇದಕ್ಕೆ ಗೋಡೆಯೇ ಇಲ್ಲ. ಟೆಟ್ರಾಸೈಕ್ಲಿನ್ ಮಾತ್ರ ಇದರ ರೈಬೋಸೋಮುಗಳನ್ನು ಹಿಡಿಯಬಲ್ಲದು. ಫೈಟೋಪ್ಲಾಸ್ಮಾ ರೋಗಗಳಲ್ಲಿ ಮರದ ಕಾಂಡಕ್ಕೆ ಅದನ್ನು ಚುಚ್ಚಿದರೆ ಲಕ್ಷಣಗಳು ಕೆಲಕಾಲ ಅಡಗುತ್ತವೆ. ನಿಲ್ಲಿಸಿದರೆ ಮತ್ತೆ ಮೇಲೇಳುತ್ತವೆ. ಎಕರೆಗೆ ಐನೂರಕ್ಕೂ ಹೆಚ್ಚು ಮರಗಳಿರುವ ತೋಟದಲ್ಲಿ ಇದು ಆಗುಹೋಗುವ ಮಾತಲ್ಲ. ಮನುಷ್ಯರ ಕಾಯಿಲೆಗೆ ಬೇಕಾದ ಮದ್ದನ್ನು ತೋಟಕ್ಕೆ ಸುರಿದು ಅದರ ಬಲಗೆಡಿಸುವುದೂ ತರವಲ್ಲ. "ಒಂದೇ ಸಲ ಹಾಕಿರಿ, ಹಳದಿ ರೋಗ ಮಾಯ" ಎಂದು ಡಬ್ಬಿ ಹಿಡಿದು ಬರುವವರನ್ನು "ಇದು ಜರಡಿ ನಾಳವನ್ನು ತಲುಪುವುದು ಹೇಗೆ?" ಎಂದು ಕೇಳಿ ನೋಡಿರಿ.

ತಾಯಿಯ ಕೋಶದ್ರವ್ಯ, ತಂದೆಯ ಪರಾಗ

ರೋಗದಿಂದ ತೋಟವೆಲ್ಲ ಸೊರಗಿದಾಗಲೂ ನಡುವೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ನಿಂತು ಫಸಲು ಕೊಡುವುದುಂಟು. ಅದರ ಗೋಟನ್ನೇ ಬೀಜ ಮಾಡಿದರೆ ಸಾಲದೆ ಎಂದು ಹಲವರು ಕೇಳುತ್ತಾರೆ. ಯೋಚನೆ ಸರಿಯಾದುದೇ. ಆದರೆ ಇಲ್ಲಿಯೂ ಕೋಶದ ಕಟ್ಟಳೆಯನ್ನು ನೆನೆಯಬೇಕು. ಬೀಜದ ಕೋಶದ್ರವ್ಯ ಹೆಚ್ಚುಕಡಿಮೆ ಪೂರ್ತಿಯಾಗಿ ತಾಯಿಯಿಂದ ಬರುತ್ತದೆ. ಕೋಶಕೇಂದ್ರದ ವಂಶಗುಣಗಳಲ್ಲಿ ಅರ್ಧ ಮಾತ್ರ ತಾಯಿಯದು, ಉಳಿದರ್ಧ ಪರಾಗದ ಮೂಲಕ ತಂದೆಯದು. ಕೋಶದ್ರವ್ಯದಿಂದ ಬರುವ ಗುಣಗಳೂ ಇವೆ. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂನಲ್ಲಿ 1990ರ ದಶಕದಲ್ಲಿ ತಯಾರಾದ ಕೆ.ಆರ್.ಎಚ್.-2 ಮಿಶ್ರತಳಿ ಭತ್ತದ ಬೀಜೋತ್ಪಾದನೆ ನಿಂತಿರುವುದೇ ಗಂಡು ಬಂಜೆತನ ಕೊಡುವ ಒಂದು ಕೋಶದ್ರವ್ಯದ ಮೇಲೆ. ಆದರೆ ಅಡಿಕೆಯಲ್ಲಿ ರೋಗ ತಡೆಯುವ ಗುಣ ತಾಯಿ ಮರವೊಂದರಿಂದಲೇ ಪೂರ್ತಿ ಇಳಿಯುತ್ತದೆಂದು ನಂಬಿ ಕೂರುವಂತಿಲ್ಲ. ಅಡಿಕೆ ಪರಕೀಯ ಪರಾಗಸ್ಪರ್ಶದ ಬೆಳೆ. ಹಸಿರು ಮರದ ಹಿಂಗಾರಕ್ಕೆ ಪಕ್ಕದ ಹಳದಿ ಮರದ ಪರಾಗವೇ ಬಿದ್ದಿರಬಹುದು.

ಆದುದರಿಂದ ವಿಜ್ಞಾನಿಗಳು ರೋಗ ತೀವ್ರವಾಗಿರುವ ಕಡೆ ಉಳಿದ ಆರೋಗ್ಯವಂತ ಮರಗಳನ್ನು ಗುರುತಿಸಿ, ಅವುಗಳ ಮರಿ ಹಿಂಗಾರದ ಅಂಗಾಂಶದಿಂದ ಸಸಿ ಬೆಳೆಸುವ ಕೆಲಸವನ್ನೂ, ಅಂತಹ ಮರಗಳನ್ನೇ ಪರಸ್ಪರ ಕೂಡಿಸುವ ಕೆಲಸವನ್ನೂ ಕೈಗೊಂಡಿದ್ದಾರೆ. ಅಂಗಾಂಶದಿಂದ ಬೆಳೆದ ಸಸಿಯಲ್ಲಿ ತಂದೆಯ ಬೆರಕೆಯಿಲ್ಲ. ಕೋಶಕೇಂದ್ರವೂ ಕೋಶದ್ರವ್ಯವೂ ಆ ಮರದವೇ. ಇಂತಹ ಸಸಿಗಳು ತೋಟದಲ್ಲಿ ವರ್ಷಗಟ್ಟಲೆ ನಿಂತು ಪರೀಕ್ಷೆಯಲ್ಲಿ ಗೆಲ್ಲಬೇಕು. ಅಡಿಕೆಯಲ್ಲಿ ಅವಸರ ನಡೆಯುವುದಿಲ್ಲ.

ತೋಟದಲ್ಲಿ ಮಾಡಬೇಕಾದುದು

ರೋಗ ಹೊಸದಾಗಿ ಕಾಲಿಟ್ಟು ನಾಲ್ಕಾರು ಮರಗಳಿಗೆ ಮಾತ್ರ ತಗುಲಿದ್ದರೆ ಅವನ್ನು ತಡಮಾಡದೆ ತೆಗೆಯುವುದೇ ಮೇಲು. ಕಾಯಿ ಕೊಡುವ ಮರವನ್ನು ಕಡಿಯಲು ಕೈ ಬರುವುದಿಲ್ಲವೆಂಬುದು ನಮಗೂ ಗೊತ್ತು. ಆದರೆ ಆ ಮರದ ನಾಳಗಳಿಗೆ ಬದಲಿಯಿಲ್ಲ; ಜಿಗಿಹುಳುವಿಗೆ ಅದು ಉಗ್ರಾಣವಾಗಿ ಉಳಿಯುತ್ತದೆ.

ತೋಟದ ತುಂಬ ರೋಗವಿದ್ದರೆ ಎಲ್ಲವನ್ನೂ ಕಡಿಯೆಂದು ಯಾರೂ ಹೇಳಲಾರರು. ಆಗ ಉಳಿದ ನಾಳಗಳಿಗೆ ಆದಷ್ಟು ಬಲ ಕೊಡಬೇಕು. ಮೊದಲನೆಯದು ಬಸಿಗಾಲುವೆ. ಮೇ ತಿಂಗಳೊಳಗೆ ಹೂಳು ತೆಗೆದು, ಬೇರಿನ ವಲಯಕ್ಕಿಂತ ಆಳವಾಗಿ ನೀರು ಇಳಿದುಹೋಗುವಂತೆ ಮಾಡಿರಿ. ವರ್ಷಕ್ಕೆ ಮರವೊಂದಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್, ಅದರೊಡನೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಒದಗುವಂತೆ ಗೊಬ್ಬರವನ್ನು ಎರಡು ಕಂತುಗಳಲ್ಲಿ ಕೊಡಿರಿ. ನಮ್ಮ ಮಲೆನಾಡಿನ ಮಣ್ಣು ಹುಳಿ. ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಸುಣ್ಣ ಹಾಕಿರಿ. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಇದರಿಂದ ರೋಗ ವಾಸಿಯಾಗುವುದಿಲ್ಲ, ಮರ ಇನ್ನಷ್ಟು ವರ್ಷ ಫಸಲು ಕೊಡುತ್ತದೆ ಅಷ್ಟೆ. ಆ ವರ್ಷಗಳನ್ನು ಬಳಸಿಕೊಂಡು ಕಾಳುಮೆಣಸು, ಕಾಫಿ, ಕೋಕೋ, ಬಾಳೆಗಳನ್ನು ನಡುವೆ ಎಬ್ಬಿಸಿಕೊಂಡರೆ ಮನೆಯ ಖರ್ಚಿಗೆ ಒಂದು ಆಸರೆ.

ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ತಿಂಗಳಿಗೊಮ್ಮೆ ತೋಟವನ್ನು ಸಾಲು ಸಾಲಾಗಿ ಸುತ್ತಿ ನೋಡಿರಿ. ಹಳದಿ ಹಸಿರಿನ ನಡುವೆ ಗೆರೆ ಬಿದ್ದ ಮರಕ್ಕೆ ಒಂದು ಬಣ್ಣ ಬಳಿಯಿರಿ. ನೀರು ನಿಲ್ಲುವ ಜಾಗದಲ್ಲಿ ಸಮನಾಗಿ ಹಳದಿಯಾದ ಮರಕ್ಕೆ ಬೇರೊಂದು ಬಣ್ಣ. ಸುತ್ತಲೂ ರೋಗವಿದ್ದು ತಾನು ಮಾತ್ರ ಹಲವು ವರ್ಷಗಳಿಂದ ಹಸಿರಾಗಿರುವ ಮರಕ್ಕೆ ಮೂರನೆಯ ಬಣ್ಣ. ಮೂರನೆಯ ಬಣ್ಣದ ಮರಗಳಿದ್ದರೆ ಶೃಂಗೇರಿಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕಾಗಲಿ, ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಗಾಗಲಿ ತಿಳಿಸಿರಿ. ಮರದ ವಯಸ್ಸು, ಎಷ್ಟು ವರ್ಷಗಳಿಂದ ಸುತ್ತಲಿನ ಮರಗಳು ಹಳದಿಯಾಗಿವೆ, ವರ್ಷಕ್ಕೆ ಎಷ್ಟು ಕೊನೆ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಂಡಿದ್ದರೆ ಕೆಲಸ ಸುಲಭವಾಗುತ್ತದೆ.